ಗ್ರೀಕ್‌ಗೆ ಎರಡು ಕೋಡ್, ಪಷ್ತೋಗೆ ಒಂದೇ. ಯಾಕೆ?

ವಿಕಿಪೀಡಿಯದ ವಿಳಾಸದ ಮುಂದೆ 'ಕೆಎ' ಅಂತ ಹಾಕಿ ನೋಡಿ. ನಂಬರ್ ಪ್ಲೇಟ್ ನೋಡಿ ಪಳಗಿದ ನಾವು ಕನ್ನಡ ಬರುತ್ತದೆ ಅಂದುಕೊಳ್ಳುತ್ತೇವೆ. ಬರುವುದು ಜಾರ್ಜಿಯನ್, ದುಂಡು ದುಂಡು ಅಕ್ಷರದ್ದು. ಅವರು ತಮ್ಮ ಭಾಷೆಯನ್ನು 'ಕಾರ್ತುಲಿ' ಅನ್ನುತ್ತಾರೆ, ಕೆಎ ಅವರ ಪಾಲಾಗಿದೆ. ನಮ್ಮದು ಕೆಎನ್.

ಇವು ಭಾಷೆಯನ್ನು ಚುಟುಕಾಗಿ ಗುರುತಿಸುವ ಕೋಡ್‌ಗಳು. ಕೋಡ್‌ನ ಅಕ್ಷರಗಳನ್ನು ಯಾರು ಕರೆಯುವ ಹೆಸರಿನಿಂದ ತೆಗೆಯಬೇಕು? ಆಡುವವರದೋ, ಇಂಗ್ಲಿಷಿನವರದೋ? ಗ್ರೀಕ್‌ನ ಗೊಂದಲ ಇಲ್ಲೇ ಹುಟ್ಟಿದ್ದು.

1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಕ್ಯಾಟಲಾಗನ್ನು ಕಂಪ್ಯೂಟರಿಗೆ ಏರಿಸಲು ಶುರುಮಾಡಿತು. ಆ ಪದ್ಧತಿಯ ಹೆಸರು ಮಾರ್ಕ್. ಅದರಲ್ಲಿ ಭಾಷೆಗೆ ಮೂರಕ್ಷರ, ಅದೂ ಬಹುಮಟ್ಟಿಗೆ ಇಂಗ್ಲಿಷ್ ಹೆಸರಿನಿಂದ. ಗ್ರೀಕ್ 'ಜಿಆರ್‌ಇ' ಆಯಿತು. ಅಫ್ಘಾನಿಸ್ತಾನ, ಪಾಕಿಸ್ತಾನದಲ್ಲಿ ಆಡುವ ಪಷ್ತೋವನ್ನು ಮಾರ್ಕ್‌ನಲ್ಲಿ 'ಪುಷ್ತೋ' ಎಂದು ಬರೆದಿದ್ದರಿಂದ 'ಪಿಯುಎಸ್' ಆಯಿತು. ಹಾಗೇ ಓದಿದರೆ ಇಂಗ್ಲಿಷಿನಲ್ಲಿ ಕೀವು! ಪಾಪ, ಪಷ್ತೋದವರು.

ಭಾಷೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 639. ಅದರ 1988ರ ಆವೃತ್ತಿಯಲ್ಲಿದ್ದದ್ದು ಎರಡಕ್ಷರದ ಕೋಡ್. ಗ್ರೀಕರು ತಮ್ಮ ಭಾಷೆಯನ್ನು 'ಎಲ್ಲಿನಿಕಾ' ಅನ್ನುವುದರಿಂದ ಅದಕ್ಕೆ 'ಇಎಲ್', ಪಷ್ತೋಗೆ 'ಪಿಎಸ್'. ಹತ್ತು ವರ್ಷದ ಮೇಲೆ, 1998ರಲ್ಲಿ, ಮೂರಕ್ಷರದ ಪಟ್ಟಿ ಬಂದಾಗ ಪೇಚಾಟ. ಆಡುವವರ ಹೆಸರನ್ನೇ ಹಿಡಿಯೋಣ ಅಂದರೆ ಗ್ರಂಥಾಲಯಗಳು ತುಂಬಿಟ್ಟ ದಾಖಲೆಗಳನ್ನೆಲ್ಲ ತಿದ್ದುವವರು ಯಾರು? ಕೊನೆಗೆ ಸುಮಾರು ಇಪ್ಪತ್ತು ಭಾಷೆಗಳಿಗೆ ಎರಡೆರಡು ಕೋಡ್ ಉಳಿಸಿಕೊಂಡರು. ಗ್ರೀಕ್‌ಗೆ ಗ್ರಂಥಾಲಯದವರ 'ಜಿಆರ್‌ಇ', ಉಳಿದವರ 'ಇಎಲ್‌ಎಲ್'. ಪಷ್ತೋಗೆ ಆ ತಕರಾರೇ ಇರಲಿಲ್ಲ. ಒಳಗಿನ ಹೆಸರೂ ಹೊರಗಿನ ಹೆಸರೂ ಹೆಚ್ಚುಕಮ್ಮಿ ಒಂದೇ ಅಲ್ವಾ?

2007ರಲ್ಲಿ ಅದೇ ಮಾನಕದ ಇನ್ನೂ ವಿವರವಾದ ಪಟ್ಟಿ, ಐಎಸ್‌ಒ 639-3, ಬಂತು, ಕಥೆ ತಿರುಗಿತು. ಎರಡು ಕೋಡ್ ಇದ್ದ ಇಂದಿನ ಗ್ರೀಕ್ ಒಂದು ಭಾಷೆಯಾಗಿಯೇ ಉಳಿಯಿತು. ಒಂದೇ ಕೋಡ್ ಇದ್ದ ಪಷ್ತೋ ಉತ್ತರ, ದಕ್ಷಿಣ, ಮಧ್ಯ ಎಂದು ಮೂರಾಯಿತು. 'ಪಿಯುಎಸ್' ಮೂರಕ್ಕೂ ಸೇರಿದ ಕೊಡೆ. ವ್ಯತ್ಯಾಸ ಇಲ್ಲವೆಂದಲ್ಲ. ಭಾಷೆಯ ಹೆಸರಿನಲ್ಲೇ ಇರುವ ಒಂದು ಅಕ್ಷರವನ್ನು ಕಂದಹಾರದವರು 'ಷ'ದ ಹಾಗೆ, ಪೇಶಾವರದವರು 'ಖ'ದ ಹಾಗೆ ಉಲಿಯುತ್ತಾರೆ. ಅಲ್ಲಿ ಪಷ್ತೋ, ಇಲ್ಲಿ ಪಖ್ತೋ. ಬರೆಯುವುದು ಮಾತ್ರ ಒಂದೇ ಅಕ್ಷರ. ಬೇರೆ ಕೋಡ್ ಕೊಡುವಷ್ಟು ದೂರವೇ ಇದು? ನನಗಂತೂ ಅನುಮಾನ. ಧಾರವಾಡಕ್ಕೂ ಕುಂದಾಪುರಕ್ಕೂ ಒಂದೇ ಕೋಡ್‌ನಲ್ಲಿ ನಾವು ಆರಾಮಾಗಿದ್ದೇವೆ.

ಗ್ರೀಕನ್ನು ಸೀಳಿದ್ದು ಕಾಲದ ಲೆಕ್ಕದಲ್ಲಿ. 1453ರವರೆಗಿನದು 'ಜಿಆರ್‌ಸಿ', ಅಂದರೆ ಹಳೆಯ ಗ್ರೀಕ್. ಆಮೇಲಿನದು ಹೊಸದು. ಅದು ಕಾನ್‌ಸ್ಟಾಂಟಿನೋಪಲ್ ಆಟೊಮನ್ ತುರ್ಕರ ಕೈಸೇರಿದ ವರ್ಷ. ಕೋಟೆ ಬಿದ್ದ ದಿನವೇ ಜನರ ನಾಲಿಗೆಯೂ ಹೊರಳಿತೇನೋ ಅನ್ನಬೇಕು!

ದೇಶದ ಕೋಡ್ ಬೇರೆ ಎಂಬುದನ್ನು ಮರೆತರೆ ಇನ್ನೊಂದು ಎಡವಟ್ಟು. ದೇಶವಾಗಿ ಗ್ರೀಸ್ 'ಜಿಆರ್', ಆದರೂ ಐರೋಪ್ಯ ಒಕ್ಕೂಟದ ವ್ಯಾಟ್ ನಂಬರಿನಲ್ಲಿ ಅದಕ್ಕೆ 'ಇಎಲ್'. ದೇಶದ ಪಟ್ಟಿಯಲ್ಲಿ 'ಪಿಎಸ್' ಅಂದರೆ ಪ್ಯಾಲೆಸ್ಟೀನ್.

ವೆಬ್‌ನಲ್ಲಿ ಈ ತಲೆನೋವು ಕಮ್ಮಿ. ಎರಡಕ್ಷರದ ಕೋಡ್ ಇದ್ದರೆ ಅದನ್ನೇ ಬಳಸಬೇಕೆಂಬ ನಿಯಮವಿದೆ. ಹಾಗಾಗಿ ಗ್ರೀಕ್ ಪುಟಕ್ಕೆ 'ಇಎಲ್' ಸಾಕು. ಅದೇ ಭಾಷೆಯ ಕಾದಂಬರಿ ಮಾರ್ಕ್ ಕ್ಯಾಟಲಾಗಿಗೆ ಸೇರಿದರೆ, 008 ಎಂಬ ಸಾಲಿನ 35ರಿಂದ 37ನೇ ಜಾಗದಲ್ಲಿ ಇವತ್ತಿಗೂ ಕೂರುವುದು 'ಜಿಆರ್‌ಇ'.