ಇಳಿಜಾರಿನಲ್ಲಿ ಗೇರ್ ಯಾರ ಕೈಯಲ್ಲಿರಬೇಕು?

ಆಫ್-ರೋಡ್ ಗಾಡಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಮ್ಯಾನ್ಯುಯಲ್ ವಾಲ್ವ್ ಬಾಡಿ, ಅಂದರೆ ಗೇರ್ ಬದಲಾವಣೆಯನ್ನು ಚಾಲಕನ ಕೈಗೆ ಕೊಡುವ ಆಯಿಲ್ ನಿಯಂತ್ರಣದ ಭಾಗ, ಹಾಕಿಸಲು ಬರುವವರು ಮೊದಲು ಕೇಳುವುದು, ‘ಎಷ್ಟು ಹಾರ್ಸ್‌ಪವರ್ ತಡೆಯುತ್ತೆ?’ ಎಂದು. ನಾನು ತಿರುಗಿ ಕೇಳುವುದೇ ಬೇರೆ: ಕಡಿದಾದ ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಗಾಡಿ ಏನು ಮಾಡಬೇಕು? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ. ಸಿಗುವ ಮ್ಯಾನ್ಯುಯಲ್ ವಾಲ್ವ್ ಬಾಡಿಗಳಲ್ಲಿ ಎಷ್ಟೋ ಡ್ರ್ಯಾಗ್ ರೇಸಿಗೆಂದು, ಅಂದರೆ ನೇರ ಟ್ರ್ಯಾಕಿನ ಚಿಕ್ಕ ಓಟಕ್ಕೆಂದು, ಹುಟ್ಟಿದವು. ಆ ಟ್ರ್ಯಾಕಿನಲ್ಲಿ ಇಳಿಜಾರೇ ಇಲ್ಲ.

ಪಂಪಿನಿಂದ ಬರುವ ಆಯಿಲ್ ಒತ್ತಡ ಯಾವ ಕ್ಲಚ್ಚಿಗೆ, ಯಾವ ಬ್ಯಾಂಡಿಗೆ (ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿಗೆ) ಹೋಗಬೇಕೆಂದು ತೀರ್ಮಾನಿಸುವುದು ವಾಲ್ವ್ ಬಾಡಿ. ಹಳೆಯ ಹೈಡ್ರಾಲಿಕ್ ಗೇರ್‌ಬಾಕ್ಸುಗಳಲ್ಲಿ ಶಿಫ್ಟ್ ವಾಲ್ವಿನ ಒಂದು ತುದಿಯನ್ನು ಗವರ್ನರಿನ ಒತ್ತಡ ನೂಕುತ್ತದೆ. ಅದು ಚಕ್ರದ ಕಡೆಗೆ ಹೋಗುವ ಹೊರ ಶಾಫ್ಟಿನ ವೇಗದ ಲೆಕ್ಕ. ಎದುರು ತುದಿಯಲ್ಲಿ ಸ್ಪ್ರಿಂಗು ಮತ್ತು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂಬುದರ ಒತ್ತಡ. ಟಾರಿನ ಮೇಲೆ ಈ ಜಗ್ಗಾಟ ಚೆನ್ನಾಗಿಯೇ ನಡೆಯುತ್ತದೆ. ಮರಳಿನಲ್ಲಿ ಚಕ್ರ ಸುಮ್ಮನೆ ತಿರುಗಿದರೂ ಗವರ್ನರಿಗೆ ಗಾಡಿ ಓಡುತ್ತಿದೆ ಎಂದೇ ಕಾಣುತ್ತದೆ. ಗೇರ್ ಮೇಲೇರುತ್ತದೆ, ಎಂಜಿನ್ ವೇಗ ಇಳಿಯುತ್ತದೆ, ಗಾಡಿ ಹೂತುಕೊಳ್ಳುತ್ತದೆ. ಫುಲ್ ಮ್ಯಾನ್ಯುಯಲ್ ವಾಲ್ವ್ ಬಾಡಿಯಲ್ಲಿ ಈ ಲೆಕ್ಕಾಚಾರಕ್ಕೆ ಜಾಗವಿಲ್ಲ. ಲಿವರ್ ಎಲ್ಲಿದೆಯೋ ಅದೇ ಗೇರ್.

ಇನ್ನು ಎಂಜಿನ್ ಬ್ರೇಕಿಂಗ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವುದು. ಜನರಲ್ ಮೋಟಾರ್ಸ್‌ನ ಮೂರು ಗೇರಿನ ಆಟೊಮ್ಯಾಟಿಕ್ ಟರ್ಬೊ 400ರಲ್ಲಿ ‘ಡಿ’ ಹಾಕಿ ಹೊರಟಾಗ ಮೊದಲ ಗೇರನ್ನು ಹಿಡಿದಿರುವುದು ಒಂದೇ ದಿಕ್ಕಿಗೆ ಹಿಡಿಯುವ ರೋಲರ್ ಕ್ಲಚ್. ಎಂಜಿನ್ ಚಕ್ರವನ್ನು ತಳ್ಳುವಾಗ ಅದು ಹಿಡಿಯುತ್ತದೆ; ಚಕ್ರ ಎಂಜಿನ್ನನ್ನು ತಳ್ಳಲು ಹೋದರೆ ಬಿಟ್ಟುಬಿಡುತ್ತದೆ. ಆ ದಿಕ್ಕಿನಲ್ಲೂ ಹಿಡಿಯಬೇಕಾದರೆ ಹಿಂದಿನ ಬ್ಯಾಂಡ್ ಬಿಗಿಯಬೇಕು. ಕಂಪನಿಯ ವಾಲ್ವ್ ಬಾಡಿಯಲ್ಲಿ ಲಿವರನ್ನು ‘ಲೋ’ಗೆ ಎಳೆದರೆ ಅದು ಬಿಗಿಯುತ್ತದೆ. ರೇಸಿನ ಕೆಲವು ವಾಲ್ವ್ ಬಾಡಿಗಳಲ್ಲಿ ಆ ಬ್ಯಾಂಡಿಗೆ ಆಯಿಲ್ ಹೋಗುವ ದಾರಿಯನ್ನೇ ಮುಚ್ಚಿರುತ್ತಾರೆ. ಅಂಥದ್ದನ್ನು ಹಾಕಿಕೊಂಡು ಬಂಡೆಯ ಮೇಲಿಂದ ಇಳಿಯತೊಡಗಿದರೆ ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟಂತೆ ಜಾರುತ್ತದೆ. ಉಳಿಯುವುದು ಕಾಲಡಿಯ ಬ್ರೇಕ್ ಮಾತ್ರ. ಹಾಗಾಗಿ ‘ಎಂಜಿನ್ ಬ್ರೇಕಿಂಗ್ ಇದೆಯಾ’ ಎಂದಷ್ಟೇ ಕೇಳಬೇಡಿ. ಯಾವ ಯಾವ ಗೇರಿನಲ್ಲಿ ಇದೆ, ಮೊದಲನೆಯದರಲ್ಲಿ ಇದೆಯೇ ಎಂದು ಬಿಡಿಸಿ ಕೇಳಿ. ಎರಡನೆಯದರಲ್ಲಿ ಮಾತ್ರ ಇದ್ದರೆ ಬಂಡೆಗೆ ಅದು ಸಾಲದು.

ಇದಕ್ಕೆ ಇನ್ನೊಂದು ಮುಖವಿದೆ. ಕಂಪನಿಯ ಟರ್ಬೊ 400 ವೇಗದಲ್ಲಿರುವಾಗ ‘ಲೋ’ಗೆ ಎಳೆದರೂ ಗಂಟೆಗೆ ಸುಮಾರು 65 ಕಿಲೋಮೀಟರಿಗೆ ಇಳಿಯುವ ತನಕ ಮೊದಲ ಗೇರ್ ಕೊಡುವುದಿಲ್ಲ. ಫುಲ್ ಮ್ಯಾನ್ಯುಯಲ್‌ನಲ್ಲಿ ಆ ತಡೆ ಇರುವುದಿಲ್ಲ. ಕೇಳಿದ ಕ್ಷಣ ಕೊಡುತ್ತದೆ, ಎಂಜಿನ್ ಮಿತಿಮೀರಿ ತಿರುಗಿ ಹರಿದುಹೋದರೂ ಸರಿ.

ಎಂಜಿನ್ ಬ್ರೇಕಿಂಗನ್ನು ವಾಲ್ವ್ ಬಾಡಿ ಸೃಷ್ಟಿಸುವುದಿಲ್ಲ, ದಾರಿ ತೆರೆಯುತ್ತದೆ ಅಷ್ಟೆ. ಟರ್ಬೊ 400ರ ಮೊದಲ ಗೇರಿನ ಅನುಪಾತ 2.48. ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆಯ) ಲೋ ರೇಂಜ್ 2.72, ಆಕ್ಸಲ್ 4.88 ಇದ್ದರೆ ಗುಣಿಸಿದಾಗ ಒಟ್ಟು 33ರ ಹತ್ತಿರ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ 33 ಸುತ್ತು. ಅದೇ ಲೋ ರೇಂಜ್ 4 ಆದರೆ 48 ದಾಟುತ್ತದೆ. 3.06ರ ಮೊದಲ ಗೇರಿರುವ, ಅದೇ ಕಂಪನಿಯ ನಾಲ್ಕು ಗೇರಿನ 700ಆರ್4 ಆದರೆ 2.72ರಲ್ಲೇ 40 ದಾಟುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಆಯಿಲ್ ಜೋಡಣೆಯಾದ ಟಾರ್ಕ್ ಕನ್ವರ್ಟರ್ ಹೇಗೂ ಸ್ವಲ್ಪ ಜಾರುತ್ತದೆ. ಅನುಪಾತವೂ ಕಡಿಮೆ ಇದ್ದರೆ ಎಂಥ ವಾಲ್ವ್ ಬಾಡಿ ಹಾಕಿದರೂ ಗಾಡಿ ಓಡೋಡಿ ಇಳಿಯುತ್ತದೆ. ಕಲ್ಲುಬಂಡೆಯೇ ನಿಮ್ಮ ದಾರಿಯಾದರೆ ಮೊದಲು ದುಡ್ಡು ಹಾಕಬೇಕಾದದ್ದು ಟ್ರಾನ್ಸ್‌ಫರ್ ಕೇಸಿಗೆ.

ಲಿವರಿನ ಕ್ರಮದ ಬಗ್ಗೆ ಬಹಳ ವಾದ ನಡೆಯುತ್ತದೆ. ಫಾರ್ವರ್ಡ್ ಪ್ಯಾಟರ್ನ್ ಎಂದರೆ ಕಂಪನಿಯದೇ ಸಾಲು: ಪಾರ್ಕ್, ರಿವರ್ಸ್, ನ್ಯೂಟ್ರಲ್, ಆಮೇಲೆ 3, 2, 1. ರಿವರ್ಸ್ ಪ್ಯಾಟರ್ನಿನಲ್ಲಿ ನ್ಯೂಟ್ರಲ್ ಆದ ಮೇಲೆ 1, 2, 3. ಬಂಡೆಗಳ ನಡುವೆ ಹಿಂದೆ-ಮುಂದೆ ತೂಗಿ ಬಿಡಿಸಿಕೊಳ್ಳುವವರಿಗೆ ಎರಡನೆಯದು ಅನುಕೂಲ. ರಿವರ್ಸಿಗೂ ಒಂದಕ್ಕೂ ನಡುವೆ ಇರುವುದು ನ್ಯೂಟ್ರಲ್ ಮಾತ್ರ. ಆದರೆ ಇಳಿಜಾರಿನಲ್ಲಿ ಗಾಬರಿಯಿಂದ ಎರಡರಿಂದ ಒಂದಕ್ಕೆ ನೂಕಿದಾಗ ಕೈ ಒಂದು ಹೆಜ್ಜೆ ಜಾಸ್ತಿ ಹೋದರೆ ಸಿಗುವುದೂ ಅದೇ ನ್ಯೂಟ್ರಲ್. ಫಾರ್ವರ್ಡ್ ಪ್ಯಾಟರ್ನಿನಲ್ಲಿ ‘1’ ಕೊನೆಯಲ್ಲಿದೆ, ಎಷ್ಟು ಜೋರಾಗಿ ಎಳೆದರೂ ಅದರಾಚೆ ಏನೂ ಇಲ್ಲ. ನನ್ನ ಮಟ್ಟಿಗೆ ಬಂಡೆಗೆ ರಿವರ್ಸ್ ಪ್ಯಾಟರ್ನ್, ಆದರೆ ನ್ಯೂಟ್ರಲಿಗೆ ಹೋಗದಂತೆ ತಡೆಯುವ ಗೇಟ್ ಶಿಫ್ಟರ್ ಜೊತೆಗಿದ್ದರೆ ಮಾತ್ರ. ಇಲ್ಲದಿದ್ದರೆ ಕಂಪನಿಯ ಸಾಲೇ ಇರಲಿ.

ಟ್ರಾನ್ಸ್‌ಬ್ರೇಕ್ ಇರುವ ವಾಲ್ವ್ ಬಾಡಿ ಬೇಡ. ಗೇರ್‌ಬಾಕ್ಸನ್ನೇ ಲಾಕ್ ಮಾಡಿ ಗಾಡಿಯನ್ನು ನಿಲ್ಲಿಸಿಡುವ ಅದು ರೇಸಿನ ಸ್ಟಾರ್ಟಿಂಗ್ ಲೈನಿನ ಸಾಮಾನು.

ಒತ್ತಡದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಹಲವು ಫುಲ್ ಮ್ಯಾನ್ಯುಯಲ್ ವಾಲ್ವ್ ಬಾಡಿಗಳು ಲೈನ್ ಪ್ರೆಷರನ್ನು (ಕ್ಲಚ್, ಬ್ಯಾಂಡುಗಳಿಗೆ ಹೋಗುವ ಆಯಿಲ್ ಒತ್ತಡವನ್ನು) ಸದಾ ಎತ್ತರದಲ್ಲೇ ಇಡುತ್ತವೆ. ಕ್ಲಚ್ಚಿಗೆ ಅದು ಒಳ್ಳೆಯದು. ಆದರೆ ನ್ಯೂಟ್ರಲ್‌ನಿಂದ ರಿವರ್ಸಿಗೆ ಹಾಕಿದಾಗ ಬೀಳುವ ಹೊಡೆತ ಬಂಡೆಗೆ ಸಿಕ್ಕಿಕೊಂಡ ಚಕ್ರದ ತನಕ ಹೋಗುತ್ತದೆ. ಮೊದಲು ಮುರಿಯುವುದು ಯೂನಿವರ್ಸಲ್ ಜಾಯಿಂಟು, ಇಲ್ಲವೇ ಆಕ್ಸಲ್ ಶಾಫ್ಟು. 700ಆರ್4 ಇದ್ದರೆ ಟಿವಿ (ಥ್ರಾಟಲ್ ವಾಲ್ವ್) ಕೇಬಲ್, ಅಂದರೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸುವ ಕೇಬಲ್, ಉಳಿಸಬೇಕೋ ತೆಗೆಯಬಹುದೋ ಎಂದು ತಯಾರಕರಿಂದಲೇ ಖಚಿತ ಮಾಡಿಕೊಳ್ಳಿ. ಒತ್ತಡ ಆ ಕೇಬಲಿನ ಮೇಲೆ ನಿಂತಿರುವ ವಿನ್ಯಾಸದಲ್ಲಿ ಅದನ್ನು ಬಿಚ್ಚಿ ಓಡಿಸಿದರೆ ಕ್ಲಚ್ ಸುಡುತ್ತದೆ. ಕನ್ವರ್ಟರಿನ ಲಾಕಪ್ (ಜಾರದಂತೆ ನೇರ ಹಿಡಿತ) ಹೇಗೆ ಹಾಕುವುದೆಂದೂ ಆಗಲೇ ಕೇಳಿಬಿಡಿ.

ರಸ್ತೆಯಲ್ಲೂ ಅದೇ ಗಾಡಿ ಓಡಿಸುವವರಿಗೆ, ಮನೆಯಲ್ಲಿ ಇನ್ನೊಬ್ಬರೂ ಓಡಿಸುವುದಾದರೆ, ಫುಲ್ ಮ್ಯಾನ್ಯುಯಲ್ ಬೇಡ ಎನ್ನುತ್ತೇನೆ. ಸಿಗ್ನಲ್ಲಿನಲ್ಲಿ ನಿಂತು ಮೂರರಲ್ಲೇ ಹೊರಟರೂ ಗಾಡಿ ಹೊರಡುತ್ತದೆ. ಎಂಜಿನ್ ನಿಲ್ಲುವುದಿಲ್ಲವಾದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ, ಆಯಿಲ್ ಮಾತ್ರ ಬಿಸಿಯಾಗುತ್ತಿರುತ್ತದೆ. ಅಂಥವರಿಗೆ ‘ಡಿ’ಯಲ್ಲಿ ತಾನೇ ಬದಲಿಸಿಕೊಂಡು, ಲಿವರ್ ಕೆಳಗಿಳಿಸಿದಾಗ ಹೇಳಿದ ಗೇರನ್ನೇ ಹಿಡಿದಿಡುವ ಆಟೊ-ಮ್ಯಾನ್ಯುಯಲ್ ವಾಲ್ವ್ ಬಾಡಿ ಸಾಕು. ಹಳೆಯ ಜೀಪ್ ಚೆರೋಕಿಯ ಎಡಬ್ಲ್ಯು4 ಆಟೊಮ್ಯಾಟಿಕ್ ಇದ್ದರೆ ಗೇರ್‌ಬಾಕ್ಸ್ ಬಿಚ್ಚುವುದೇ ಬೇಡ. ಅದರ ಗೇರ್ ಬದಲಿಸುವುದು ವಿದ್ಯುತ್ತಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ಎರಡು ಸೊಲೆನಾಯ್ಡುಗಳು. ಒಂದು ಸ್ವಿಚ್ ಪೆಟ್ಟಿಗೆಯಿಂದಲೇ ಅವನ್ನು ಆಳಬಹುದು.

ಹಾಕಿಸಿದ ಮೇಲೆ ಲಿವರ್ ಕೇಬಲನ್ನು ನೀವೇ ಪರೀಕ್ಷಿಸಿ. ಲಿವರ್ ‘1’ ತೋರಿಸುತ್ತಿದ್ದು ಒಳಗಿನ ವಾಲ್ವ್ ಅರ್ಧದಲ್ಲಿ ನಿಂತಿದ್ದರೆ ಒತ್ತಡ ಅರ್ಧಂಬರ್ಧ ಹೋಗಿ ಹೊಸ ಕ್ಲಚ್ ಸುಡುತ್ತದೆ, ಬೈಗುಳ ವಾಲ್ವ್ ಬಾಡಿಗೆ ಬರುತ್ತದೆ. ಗೇರ್‌ಬಾಕ್ಸ್ ಬದಿಯಲ್ಲಿ ಕೇಬಲ್ ಬಿಚ್ಚಿ, ಅಲ್ಲಿನ ತೋಳನ್ನು ಕೈಯಿಂದಲೇ ಪ್ರತಿ ಸ್ಥಾನಕ್ಕೂ ‘ಟಕ್’ ಎನ್ನುವ ತನಕ ತಿರುಗಿಸಿ, ಮೇಲೆ ಲಿವರನ್ನು ಅದೇ ಸ್ಥಾನಕ್ಕೆ ತಂದಾಗ ಕೇಬಲ್ ತುದಿ ಸರಿಯಾಗಿ ಕೂರುತ್ತದೆಯೇ ನೋಡಿ. ನ್ಯೂಟ್ರಲ್ ಸ್ವಿಚ್ಚನ್ನೂ ಮರೆಯಬೇಡಿ. ಪ್ಯಾಟರ್ನ್ ಬದಲಾದ ಗಾಡಿ ಗೇರಿನಲ್ಲಿರುವಾಗ ಸ್ಟಾರ್ಟ್ ಆಗಕೂಡದು. ಜೊತೆಗೆ ಆಯಿಲ್ ಉಷ್ಣಾಂಶದ ಮೀಟರ್ ಒಂದನ್ನು ಹಾಕಿಸಿ, ಕೂಲರಿಗೆ ಫ್ಯಾನ್ ಇರಲಿ. 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ನೆಮ್ಮದಿ. ಮುಳ್ಳು 120ರ ಕಡೆ ಹೊರಟರೆ ನ್ಯೂಟ್ರಲ್ ಹಾಕಿ, ಎಂಜಿನ್ ಓಡುತ್ತಿರಲಿ, ಆಯಿಲ್ ಕೂಲರಿನಲ್ಲಿ ಸುತ್ತುತ್ತಿರಲಿ. ಎಂಜಿನ್ ನಿಲ್ಲಿಸಿದರೆ ಪಂಪೂ ನಿಲ್ಲುತ್ತದೆ, ಶಾಖ ಒಳಗೇ ಉಳಿಯುತ್ತದೆ.