ಮೆಡಿಕಲ್ ಬೋರ್ಡ್ ಶೇ. 30 ಎಂದು ಬರೆದರೂ ಅಂಗವೈಕಲ್ಯ ಪಿಂಚಣಿ ಏಕೆ ಬರಲಿಲ್ಲ?

ಪ್ರಶ್ನೆ: ಭೂಸೇನೆಯಲ್ಲಿ 24 ವರ್ಷ ಸೇವೆ ಸಲ್ಲಿಸಿ 2021ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಬಿಡುಗಡೆಗೆ ಮೊದಲು ನಡೆದ ಮೆಡಿಕಲ್ ಬೋರ್ಡ್ ನನ್ನ ಅಧಿಕ ರಕ್ತದೊತ್ತಡಕ್ಕೆ ಶೇ. 30ರಷ್ಟು ಅಂಗವೈಕಲ್ಯವನ್ನು, ಅದೂ ಜೀವಿತಾವಧಿಗೆ ಅನ್ವಯಿಸುವಂತೆ, ನಮೂದಿಸಿತ್ತು. ಆದರೂ ಕೆಲವು ತಿಂಗಳ ನಂತರ ರೆಕಾರ್ಡ್ ಆಫೀಸಿನಿಂದ ತಿರಸ್ಕಾರ ಪತ್ರ ಬಂತು. ನಾನು ಮೇಲ್ಮನವಿ ಸಲ್ಲಿಸದೆ ಸುಮ್ಮನಾದೆ. ನನ್ನ ಜೊತೆಯಲ್ಲೇ ನಿವೃತ್ತನಾದ ಗೆಳೆಯನಿಗೆ ಇದೇ ಕಾಯಿಲೆಗೆ, ಇಷ್ಟೇ ಶೇಕಡಾವಾರಿಗೆ ಪಿಂಚಣಿ ಬರುತ್ತಿದೆ. ನನಗೆ ಏಕೆ ಬರಲಿಲ್ಲ? ಇಷ್ಟು ವರ್ಷ ಕಳೆದ ಮೇಲೆ ಏನಾದರೂ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ಆದರೆ ಅದಕ್ಕೂ ಮೊದಲು, ನಿಮ್ಮ ಕೋರಿಕೆಯನ್ನು ತಿರಸ್ಕರಿಸಿದ್ದು ಯಾವ ಕಾರಣಕ್ಕೆ ಎಂಬುದನ್ನು ನೀವು ಸರಿಯಾಗಿ ತಿಳಿದುಕೊಳ್ಳಬೇಕು. ಈ ಪ್ರಶ್ನೆಯನ್ನು ಕೇಳುವ ಮಾಜಿ ಸೈನಿಕರು ಬಹುಮಟ್ಟಿಗೆ ಶೇಕಡಾವಾರಿನಿಂದಲೇ ಮಾತನ್ನು ಆರಂಭಿಸುತ್ತಾರೆ. ಶೇ. 30 ಇದ್ದೂ ಏಕೆ ಸಿಗಲಿಲ್ಲ ಎಂಬ ಅವರ ಅಚ್ಚರಿ ಸಹಜವೇ ಆದರೂ, ಕೋರಿಕೆ ಬಿದ್ದುಹೋದದ್ದು ಆ ಅಂಕಿಯಿಂದಲ್ಲ; ಅದೇ ಕಾಗದದ ಇನ್ನೊಂದು ಅಂಕಣದಲ್ಲಿ ಬರೆದ ಒಂದೆರಡು ಸಾಲುಗಳಿಂದ.

ಅಂಗವೈಕಲ್ಯ ಪಿಂಚಣಿಗೆ ಎರಡು ಷರತ್ತುಗಳಿವೆ. ವೈಕಲ್ಯವು ಶೇ. 20 ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು ಎಂಬುದು ಒಂದು. ಅದು ಸೇನಾ ಸೇವೆಯಿಂದಲೇ ಉಂಟಾಗಿರಬೇಕು, ಇಲ್ಲವೇ ಸೇವೆಯ ಪರಿಸ್ಥಿತಿಗಳಿಂದ ಉಲ್ಬಣಗೊಂಡಿರಬೇಕು ಎಂಬುದು ಇನ್ನೊಂದು. 1961ರ ಸೇನಾ ಪಿಂಚಣಿ ನಿಯಮಾವಳಿಯ 173ನೇ ನಿಯಮದಲ್ಲಿಯೂ ಇದೇ ಇತ್ತು, ಅದರ ಜಾಗಕ್ಕೆ ಬಂದ 2008ರ ನಿಯಮಾವಳಿಯಲ್ಲಿಯೂ ಇದೇ ಇದೆ. ಬೋರ್ಡ್ ತನ್ನ ಅಭಿಪ್ರಾಯವನ್ನು ಎಎಫ್‌ಎಂಎಸ್‌ಎಫ್-16 ಎಂಬ ನಮೂನೆಯಲ್ಲಿ ದಾಖಲಿಸುತ್ತದೆ. ಕಾಯಿಲೆ ಸೇವೆಗೆ ಸೇರುವ ಮೊದಲೇ ಇತ್ತೇ, ಸೇವೆಯಿಂದ ಬಂತೇ, ಸೇವೆಯಿಂದ ಹೆಚ್ಚಾಯಿತೇ, ಸೈನಿಕನ ನಿರ್ಲಕ್ಷ್ಯವೇನಾದರೂ ಇದೆಯೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವನ್ನೂ ಕಾರಣವನ್ನೂ ಬರೆಯಬೇಕು. ಶೇಕಡಾವಾರಿನ ಲೆಕ್ಕ ಬರುವುದು ಇವೆಲ್ಲದರ ಜೊತೆಗೆ, ಪ್ರತ್ಯೇಕವಾಗಿ.

ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಬೋರ್ಡ್ ತೀರ್ಮಾನಿಸಿದರೆ ಆ ನಿರ್ಣಯವನ್ನು ಇಂಗ್ಲಿಷಿನ ನಾಲ್ಕು ಅಕ್ಷರಗಳಲ್ಲಿ ‘ನಾನಾ’ ಎಂದು ಬರೆಯುವ ರೂಢಿಯಿದೆ. ಕನ್ನಡದಲ್ಲಿ ‘ನಾನಾ’ ಎಂದರೆ ಹಲವು ಬಗೆಯ ಎಂದರ್ಥ. ಇಲ್ಲಿ ಅದರ ಅರ್ಥ ‘ಅದೂ ಅಲ್ಲ, ಇದೂ ಅಲ್ಲ’. ನಿಮ್ಮ ಪತ್ರದ ವಿವರಗಳನ್ನು ನೋಡಿದರೆ ನಿಮ್ಮ ಕಾಗದದಲ್ಲೂ ಇದೇ ಇರುವ ಸಾಧ್ಯತೆ ಹೆಚ್ಚು. ಶೇ. 30 ಅಲ್ಲ, ಶೇ. 60 ಇದ್ದರೂ ಆ ನಾಲ್ಕು ಅಕ್ಷರ ಇರುವವರೆಗೆ ಪಿಂಚಣಿ ಮಂಜೂರಾಗುವುದಿಲ್ಲ.

ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸವೆಂದರೆ ಎಎಫ್‌ಎಂಎಸ್‌ಎಫ್-16ರ ಪ್ರತಿಯನ್ನು ಕೈಗೆ ಪಡೆಯುವುದು. ನಿಮ್ಮಲ್ಲಿ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅಡಿಯಲ್ಲಿ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ. ನಿಮ್ಮದೇ ವೈದ್ಯಕೀಯ ದಾಖಲೆಯನ್ನು ನಿಮಗೆ ನಿರಾಕರಿಸಲು ಸಾಮಾನ್ಯವಾಗಿ ಕಾರಣವಿರುವುದಿಲ್ಲ. ಪ್ರತಿ ಬಂದ ಮೇಲೆ ಶೇಕಡಾವಾರನ್ನು ಬಿಟ್ಟು, ಕಾರಣ ಬರೆಯುವ ಅಂಕಣವನ್ನು ಓದಿ. ರಕ್ತದೊತ್ತಡದ ಪ್ರಕರಣಗಳಲ್ಲಿ ಅಲ್ಲಿ ಸಿದ್ಧಪಡಿಸಿಟ್ಟಂಥ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ: ಕಾಯಿಲೆ ಶಾಂತಿ ನೆಲೆಯಲ್ಲಿ (ಕಾರ್ಯಾಚರಣೆಗಳಿಂದ ದೂರದ ಠಾಣೆಯಲ್ಲಿ) ಕಾಣಿಸಿಕೊಂಡಿದೆ, ಫೀಲ್ಡ್ (ಕಾರ್ಯಾಚರಣೆಯ ಪ್ರದೇಶ), ಅತಿ ಎತ್ತರದ ಪ್ರದೇಶ ಅಥವಾ ಬಂಡಾಯ ನಿಗ್ರಹ ಕಾರ್ಯಾಚರಣೆಯ ಸೇವೆಯೊಂದಿಗೆ ಅದಕ್ಕೆ ಕಾಲದ ನಿಕಟ ಸಂಬಂಧವಿಲ್ಲ. ಕೆಲವೊಮ್ಮೆ ಇದೂ ಇರುವುದಿಲ್ಲ. ‘ಜೀವನಶೈಲಿಯ ಕಾಯಿಲೆ’ ಅಥವಾ ‘ದೇಹಪ್ರಕೃತಿಗೆ ಸಂಬಂಧಿಸಿದ್ದು’ ಎಂಬ ಎರಡೇ ಪದಗಳಲ್ಲಿ ಮಾತು ಮುಗಿದಿರುತ್ತದೆ.

ಗೆಳೆಯನಿಗೆ ಪಿಂಚಣಿ ಬಂದದ್ದು ಏಕೆಂಬ ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲಿಯೇ ಇದೆ. ಸೇನಾ ವೈದ್ಯಾಧಿಕಾರಿಗಳ ಮಾರ್ಗದರ್ಶಿಯು ರಕ್ತದೊತ್ತಡವು ಫೀಲ್ಡ್ ಅಥವಾ ಎತ್ತರದ ಪ್ರದೇಶದಲ್ಲಿ ಸೇವೆಯಲ್ಲಿದ್ದಾಗ ಕಾಣಿಸಿಕೊಂಡರೆ ಅದು ಸೇವೆಯಿಂದ ಉಲ್ಬಣಗೊಂಡದ್ದೆಂದು ಪರಿಗಣಿಸಲು ಅವಕಾಶ ಕೊಡುತ್ತದೆ. ಹೃದಯದ ರಕ್ತನಾಳದ ಕಾಯಿಲೆಯಾದರೆ ಅದು ಕಾಣಿಸಿಕೊಳ್ಳುವುದಕ್ಕೆ ಮೊದಲಿನ 14 ದಿನಗಳ ಕರ್ತವ್ಯದ ವಿವರವನ್ನೇ ಘಟಕದಿಂದ ತರಿಸಿಕೊಳ್ಳುತ್ತಾರೆ. ಹೀಗಾಗಿ ಒಂದೇ ದಿನ ಸೇನೆಗೆ ಸೇರಿ, ಒಂದೇ ದಿನ ನಿವೃತ್ತರಾಗಿ, ಒಂದೇ ಮಾತ್ರೆ ನುಂಗುವ ಇಬ್ಬರಲ್ಲಿ ಒಬ್ಬನ ರಕ್ತದೊತ್ತಡವನ್ನು ಲಡಾಖಿನಲ್ಲಿ, ಇನ್ನೊಬ್ಬನದನ್ನು ಅಲ್ಲಿಂದ ಬಂದು ಶಾಂತಿ ನೆಲೆಯಲ್ಲಿದ್ದಾಗ ವಾರ್ಷಿಕ ತಪಾಸಣೆಯಲ್ಲಿ ಮೊದಲ ಸಲ ಅಳೆದು ಬರೆದಿದ್ದರೆ, ಇಬ್ಬರ ಪಿಂಚಣಿಯೂ ಬೇರೆಯಾಗುತ್ತದೆ. ರಕ್ತದೊತ್ತಡವು ವರ್ಷಗಟ್ಟಲೆ ಲಕ್ಷಣವಿಲ್ಲದೆ ಇರಬಲ್ಲ ಕಾಯಿಲೆ. ಅದು ಪತ್ತೆಯಾದ ದಿನವನ್ನೇ ಆರಂಭವಾದ ದಿನವೆಂದು ಹಿಡಿಯುವುದು ವೈದ್ಯಕೀಯವಾಗಿ ದುರ್ಬಲವಾದ ತರ್ಕವೆಂದು ನನ್ನ ಅಭಿಪ್ರಾಯ, ಮತ್ತು ನಿಮ್ಮ ಮೇಲ್ಮನವಿಯಲ್ಲಿ ಒತ್ತಿ ಹೇಳಬೇಕಾದ ಅಂಶವೂ ಇದೇ.

ಕಾನೂನು ನಿಮ್ಮ ಪರವಾಗಿ ಎಷ್ಟರಮಟ್ಟಿಗಿದೆ ಎಂಬುದನ್ನು ಈಗ ನೋಡೋಣ. ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪು ಈ ವಿಷಯದ ಅಡಿಗಲ್ಲು. ಸಿಗ್ನಲ್ಸ್ ವಿಭಾಗದ ಆ ಸೈನಿಕನನ್ನು ಫಿಟ್ಸ್ ಕಾರಣಕ್ಕೆ ಶೇ. 20ರ ವೈಕಲ್ಯದೊಂದಿಗೆ ಸೇವೆಯಿಂದ ಕಳುಹಿಸಲಾಗಿತ್ತು. ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದು ಬೋರ್ಡ್ ಕಾರಣ ಕೊಡದೆ ಬರೆದಿತ್ತು. ಸೇನೆಗೆ ಸೇರುವಾಗ ದಾಖಲೆಯಲ್ಲಿ ಯಾವ ಕಾಯಿಲೆಯ ಉಲ್ಲೇಖವೂ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ನಂತರ ಆರೋಗ್ಯ ಕೆಟ್ಟರೆ ಅದು ಸೇವೆಯಿಂದಲೇ ಎಂದು ಊಹಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಸೈನಿಕನದಲ್ಲ, ಸಂದೇಹದ ಲಾಭವೂ ಅವನಿಗೇ ಸಲ್ಲಬೇಕು, ಸೇರುವಾಗ ಕಾಯಿಲೆಯನ್ನು ಪತ್ತೆ ಮಾಡಲು ಸಾಧ್ಯವಿರಲಿಲ್ಲ ಎನ್ನುವ ಬೋರ್ಡ್ ಅದಕ್ಕೆ ಕಾರಣವನ್ನು ಬರೆಯಲೇಬೇಕು ಎಂದು ನ್ಯಾಯಾಲಯ ಹೇಳಿತು. ಇವು ನ್ಯಾಯಾಲಯ ಹೊಸದಾಗಿ ಸೃಷ್ಟಿಸಿದ ತತ್ವಗಳಲ್ಲ. ಕಾಯಿಲೆಗೂ ಸೇವೆಗೂ ಇರುವ ಸಂಬಂಧವನ್ನು ನಿರ್ಧರಿಸುವ 1982ರ ಅರ್ಹತಾ ನಿಯಮಗಳಲ್ಲಿಯೇ ಇದ್ದು, ಕಚೇರಿಗಳಲ್ಲಿ ಮರೆತುಹೋಗಿದ್ದವು.

ನೀವು ನಿವೃತ್ತರಾದಾಗ ಜಾರಿಯಲ್ಲಿದ್ದವು 2008ರ ಅರ್ಹತಾ ನಿಯಮಗಳು. ಸೇವೆಯ ಅವಧಿಯಲ್ಲಿ ಕಾಯಿಲೆ ಕಾಣಿಸಿಕೊಂಡಿತು ಎಂದ ಮಾತ್ರಕ್ಕೆ ಅದು ಸೇವೆಯಿಂದಲೇ ಬಂತೆಂದು ಸಾಬೀತಾಗುವುದಿಲ್ಲ ಎಂಬ ಬಿಗಿಯಾದ ಮಾತನ್ನು ಆ ನಿಯಮಗಳು ಸೇರಿಸಿದವು. ಆದರೂ ಸಾಮಾನ್ಯವಾಗಿ ಹಕ್ಕುದಾರನನ್ನು ಪುರಾವೆ ಕೇಳುವಂತಿಲ್ಲ ಎಂಬ ತತ್ವ ಅಲ್ಲಿಯೂ ಉಳಿಯಿತು. ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಹಕ್ಕು ಮಂಡಿಸಿದರೆ ಮಾತ್ರ ಆ ಹೊಣೆ ಮಾಜಿ ಸೈನಿಕನ ಹೆಗಲಿಗೆ ಬರುತ್ತದೆ. ನೀವು ಆ ಗಡಿಯಿಂದ ಇನ್ನೂ ದೂರದಲ್ಲಿದ್ದೀರಿ. ಮಧುಮೇಹದ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ, ಕಾಯಿಲೆ ಶಾಂತಿ ನೆಲೆಯಲ್ಲಿ ಆರಂಭವಾಯಿತು ಎಂಬುದೊಂದೇ ಪಿಂಚಣಿ ನಿರಾಕರಿಸಲು ಸಾಕಾಗುವುದಿಲ್ಲ ಎಂದು ಹೇಳಿದ್ದು ನಿಮ್ಮಂಥವರಿಗೆ ನೇರವಾಗಿ ಒದಗುವ ಮಾತು.

ಇಷ್ಟು ಓದಿ ಗೆಲುವು ಖಚಿತವೆಂದು ಭಾವಿಸಬೇಡಿ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯು ಭರ್ತಿಯ ವೇಳೆಯ ತಪಾಸಣೆಯಲ್ಲಿ ಕಣ್ತಪ್ಪಿ ಹೋಗಿರಬಹುದು ಎಂಬ ನೆಲೆಯಲ್ಲಿ ಸುಪ್ರೀಂ ಕೋರ್ಟ್ ಸೈನಿಕನ ಮನವಿಯನ್ನು ಒಪ್ಪಲಿಲ್ಲ. ವಾರ್ಷಿಕ ರಜೆಯಲ್ಲಿ ಊರಿನಲ್ಲಿದ್ದಾಗ ಆದ ಅಪಘಾತಕ್ಕೂ ಸೇವೆಗೂ ಸಂಬಂಧವಿಲ್ಲವೆಂದು 2011ರ ಜುಝಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಬೋರ್ಡಿನ ಕಾರಣಗಳು ನಿಮ್ಮ ದಾಖಲೆಗಳಿಗೆ ಹೊಂದುವಂತೆ, ವಿವರವಾಗಿ ಬರೆದಿದ್ದರೆ ಅವನ್ನು ಅಲುಗಾಡಿಸುವುದು ಕಷ್ಟ. ಒಂದೇ ಸಾಲಿನ ಸಿದ್ಧ ವಾಕ್ಯವಾಗಿದ್ದರೆ ನಿಮ್ಮ ಪ್ರಕರಣಕ್ಕೆ ಬಲ ಹೆಚ್ಚು. ಮೊದಲು ಕಾಗದ ತರಿಸಿಕೊಳ್ಳಿ ಎಂದು ಹೇಳಿದ್ದು ಇದಕ್ಕಾಗಿಯೇ.

ಆ ಕಾಗದದ ಜೊತೆಗೆ ಇನ್ನೂ ಕೆಲವನ್ನು ಹೊಂದಿಸಿಕೊಳ್ಳಿ. ಭರ್ತಿಯ ವೇಳೆಯ ವೈದ್ಯಕೀಯ ತಪಾಸಣೆಯ ದಾಖಲೆಯಲ್ಲಿ ನೀವು ಆರೋಗ್ಯವಂತರೆಂದು ಇದ್ದರೆ ಮೇಲೆ ಹೇಳಿದ ಊಹೆಗೆ ಅದೇ ಆಧಾರ. ಎಲ್ಲೆಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ, ಅದರಲ್ಲಿ ಫೀಲ್ಡ್ ಯಾವುದು, ಶಾಂತಿ ನೆಲೆ ಯಾವುದು ಎಂಬ ಪೋಸ್ಟಿಂಗ್ ವಿವರವನ್ನು ನೆನಪಿನಿಂದಲ್ಲ, ದಾಖಲೆಯಿಂದ ಬರೆದುಕೊಳ್ಳಿ. ಕಾಯಿಲೆ ಮೊದಲು ಪತ್ತೆಯಾದಾಗಿನ ಮತ್ತು ಕೆಳ ವೈದ್ಯಕೀಯ ವರ್ಗಕ್ಕೆ ಹಾಕಿದಾಗಿನ ಬೋರ್ಡ್‌ಗಳ ಕಾಗದಗಳೂ ಬೇಕು, ಏಕೆಂದರೆ ವರ್ಗ ಕೆಳಗಿಳಿದ ಮೇಲೂ ನಿಮ್ಮನ್ನು ಕಠಿಣ ಸ್ಥಳಕ್ಕೆ ಕಳುಹಿಸಿದ್ದರೆ, ಅಥವಾ ನಂತರದ ತಪಾಸಣೆಗಳಲ್ಲಿ ಮಾತ್ರೆಯ ಪ್ರಮಾಣ ಏರುತ್ತ ಹೋಗಿದ್ದರೆ, ಕಾಯಿಲೆ ಸೇವೆಯಿಂದ ಬಂದದ್ದಲ್ಲವೆಂದರೂ ಸೇವೆಯಿಂದ ಉಲ್ಬಣಗೊಂಡದ್ದು ಎಂಬ ಎರಡನೆಯ ವಾದಕ್ಕೆ ಅವಕಾಶ ಸಿಗುತ್ತದೆ. ಅನೇಕರು ಮೊದಲನೆಯ ವಾದವೊಂದನ್ನೇ ಹಿಡಿದು ಎರಡನೆಯದನ್ನು ಕೈಬಿಡುತ್ತಾರೆ. ಪಿಂಚಣಿಗೆ ಎರಡರಲ್ಲಿ ಒಂದು ಸಾಕು.

ಮೇಲ್ಮನವಿಯ ದಾರಿ ಹೀಗಿದೆ. ತಿರಸ್ಕಾರ ಪತ್ರ ತಲುಪಿದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ತಿರಸ್ಕೃತವಾದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು, ಆಮೇಲೆ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ನಿಮ್ಮ ಮೊದಲ ಅವಧಿ ಮೀರಿದೆ. ಆದರೂ ವಿಳಂಬಕ್ಕೆ ಕಾರಣವನ್ನು ಪ್ರಾಮಾಣಿಕವಾಗಿ ಬರೆದು ಮೇಲ್ಮನವಿ ಸಲ್ಲಿಸಬಹುದು. ಸಲ್ಲಿಸಿ ಆರು ತಿಂಗಳು ಕಳೆದರೂ ಉತ್ತರ ಬಾರದಿದ್ದರೆ ನ್ಯಾಯಮಂಡಳಿಗೆ ಹೋಗಲು ಕಾಯ್ದೆ ಅವಕಾಶ ಕೊಡುತ್ತದೆ. ಪಿಂಚಣಿ ತಿಂಗಳು ತಿಂಗಳೂ ಸಲ್ಲಬೇಕಾದದ್ದು, ಅದನ್ನು ತಡೆಹಿಡಿದಿರುವುದು ಮುಂದುವರಿಯುತ್ತಿರುವ ತಪ್ಪು ಎಂಬ ನೆಲೆಯಲ್ಲಿ ವಿಳಂಬವೊಂದನ್ನೇ ಕಾರಣ ಮಾಡಿ ಇಂಥ ಅರ್ಜಿಗಳನ್ನು ಸಾಮಾನ್ಯವಾಗಿ ತಳ್ಳಿಹಾಕುವುದಿಲ್ಲ. ವಿಳಂಬದ ಬೆಲೆ ತೆರಬೇಕಾದದ್ದು ಹಿಂಬಾಕಿಯಲ್ಲಿ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ, 1983ರಲ್ಲಿ ಸೇವೆಯಿಂದ ಹೊರಬಂದು 1999ರಲ್ಲಿ ಅರ್ಜಿ ಹಾಕಿದ ಸೈನಿಕನಿಗೆ ಪಿಂಚಣಿ ದೊರೆಯಿತಾದರೂ ಹಿಂಬಾಕಿಯನ್ನು ಅರ್ಜಿ ಸಲ್ಲಿಸಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಲಾಯಿತು. ಹಾಗಾಗಿ ನೀವು ಇನ್ನು ಕಾಯುವ ಪ್ರತಿ ತಿಂಗಳೂ ಒಂದು ತಿಂಗಳ ಹಣ ಕೈಬಿಟ್ಟಂತೆಯೇ.

ಎಷ್ಟು ಹಣ ಎಂಬುದೂ ತಿಳಿದಿರಲಿ. ಶೇ. 100ರ ವೈಕಲ್ಯಕ್ಕೆ, ಪಿಂಚಣಿಗೆ ಪರಿಗಣಿಸುವ ಕೊನೆಯ ವೇತನದ ಶೇ. 30ರಷ್ಟನ್ನು ಅಂಗವೈಕಲ್ಯದ ಅಂಶವಾಗಿ, ನಿಮ್ಮ ಸೇವಾ ಪಿಂಚಣಿಯ ಜೊತೆಗೆ ಕೊಡಲಾಗುತ್ತದೆ. ವೈಕಲ್ಯ ಕಡಿಮೆಯಾದಂತೆ ಅದೇ ಪ್ರಮಾಣದಲ್ಲಿ ಮೊತ್ತವೂ ಇಳಿಯುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಕೊನೆಯ ವೇತನ 50,000 ರೂಪಾಯಿ ಎಂದುಕೊಂಡರೆ ಶೇ. 100ಕ್ಕೆ 15,000, ಶೇ. 30ಕ್ಕೆ 4,500 ರೂಪಾಯಿ. ಇದರ ಮೇಲೆ ತುಟ್ಟಿ ಪರಿಹಾರ. ಆದರೆ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶವು ಶೇ. 50ಕ್ಕಿಂತ ಕಡಿಮೆ ಇರುವುದನ್ನು ಶೇ. 50 ಎಂದೂ, 50ರಿಂದ 75ರ ನಡುವಿನದನ್ನು 75 ಎಂದೂ, 76ರಿಂದ ಮೇಲಿನದನ್ನು 100 ಎಂದೂ ಪರಿಗಣಿಸುವ ವ್ಯವಸ್ಥೆಯನ್ನು ತಂದಿತು. ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಕಳುಹಿಸಲ್ಪಟ್ಟವರಿಗೆ ಮಾತ್ರ ಇದು ಅನ್ವಯಿಸುತ್ತದೆಂಬ ಸರ್ಕಾರದ ವಾದವನ್ನು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಒಪ್ಪದೆ, ಅವಧಿ ಮುಗಿಸಿ ನಿವೃತ್ತರಾದವರಿಗೂ ಸೌಲಭ್ಯ ಸಲ್ಲಬೇಕೆಂದಿತು. ಅದರಂತೆ ಮೇಲಿನ 4,500 ರೂಪಾಯಿ 7,500 ಆಗುತ್ತದೆ.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ಕಾಯಿಲೆಯಿದ್ದೂ ಸೇವೆಯಲ್ಲಿ ಮುಂದುವರಿದು ನಿವೃತ್ತರಾಗುವವರಿಗೆ ಅಂಗವೈಕಲ್ಯದ ಅಂಶದ ಜಾಗದಲ್ಲಿ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ಹೆಸರಿನ ಪರಿಹಾರವನ್ನು ಅವು ತಂದಿವೆ. ನೀವು 2021ರಲ್ಲಿ ನಿವೃತ್ತರಾದವರು. ಯಾರಾದರೂ ಹೊಸ ನಿಯಮವನ್ನು ತೋರಿಸಿ ನಿಮ್ಮ ಹಕ್ಕು ಮುಗಿಯಿತೆಂದರೆ ಒಪ್ಪಬೇಡಿ.

ಅರ್ಜಿ ಬರೆಯುವಾಗ, ಅಥವಾ ವಕೀಲರಿಂದ ಬರೆಸುವಾಗ, ಕೋರಿಕೆಯ ಭಾಗವನ್ನು ನೀವೇ ಒಮ್ಮೆ ಓದಿ. ಕಾಯಿಲೆ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಗೊಂಡದ್ದು ಎಂದು ಘೋಷಿಸಬೇಕು ಎಂಬುದು ಒಂದು, ಶೇ. 30ನ್ನು ಶೇ. 50 ಎಂದು ಪರಿಗಣಿಸಬೇಕು ಎಂಬುದು ಇನ್ನೊಂದು, ಹಿಂಬಾಕಿಯನ್ನು ಬಡ್ಡಿಸಹಿತ ಕೊಡಬೇಕು ಎಂಬುದು ಮತ್ತೊಂದು. ಮೂರನ್ನೂ ಬೇರೆ ಬೇರೆಯಾಗಿ ಬರೆದಿರಬೇಕು. ಎರಡನೆಯದನ್ನು ಕೇಳಲು ಮರೆತು, ಪಿಂಚಣಿ ಮಂಜೂರಾದ ಮೇಲೆ ಅದೊಂದಕ್ಕಾಗಿಯೇ ಮತ್ತೆ ಅರ್ಜಿ ಹಾಕಬೇಕಾಗಿ ಬಂದರೆ ಇನ್ನಷ್ಟು ವರ್ಷ ಕಳೆಯುತ್ತವೆ.