ಪದ ಪರಿಚಯ: ಕೆಲಸದ ತೃಪ್ತಿ ಮತ್ತು ‘ನಮ್ಮದು’ ಎನ್ನುವ ಭಾವ

ಎಚ್.ಆರ್. (ಸಿಬ್ಬಂದಿ) ವಿಭಾಗದವರು ಈ ಎರಡನ್ನೂ ಜೋಡಿಯಾಗಿಯೇ ಹೇಳುತ್ತಾರೆ. ಆದರೆ ಎರಡೂ ಬೇರೆ. ಸಂಬಳ, ರಜೆ, ಕೆಲಸದ ಹೊತ್ತು, ಮೇಲಿನವರ ನಡವಳಿಕೆ ಎಲ್ಲ ನೋಡಿ ‘ಪರವಾಗಿಲ್ಲ, ಇಲ್ಲೇ ಇರಬಹುದು’ ಅನ್ನಿಸಿದರೆ ಅದು ತೃಪ್ತಿ. ‘ನಾನೂ ಇಲ್ಲಿಯವನೇ, ನನ್ನ ಮಾತು ಕೇಳುವವರಿದ್ದಾರೆ’ ಅನ್ನಿಸಿದರೆ ಅದು ನಮ್ಮದು ಎನ್ನುವ ಭಾವ.

ವ್ಯವಹಾರಕ್ಕೆ ಇದರಿಂದ ಏನು ಲಾಭ? ಚಿಕ್ಕಮಗಳೂರಿನಲ್ಲಿ ಇದನ್ನು ಕಾಫಿ ತೋಟದಲ್ಲೇ ನೋಡಬಹುದು. ಅರೇಬಿಕಾ ಗಿಡದಲ್ಲಿ ಹಣ್ಣೆಲ್ಲ ಒಟ್ಟಿಗೆ ಕೆಂಪಾಗುವುದಿಲ್ಲ. ಒಂದೇ ರೆಂಬೆಯಲ್ಲಿ ಕೆಂಪೂ ಇರುತ್ತದೆ, ಹಸಿರೂ ಇರುತ್ತದೆ. ಕುಯ್ಲಿನ ಕೂಲಿ ಕೆಜಿ ಲೆಕ್ಕದಲ್ಲಿದ್ದರೆ ಕೈಗೆ ಸಿಕ್ಕಿದ್ದನ್ನೆಲ್ಲ ಉದುರಿಸಿ ಚೀಲ ತುಂಬಿಸುವುದೇ ಸುಲಭ. ಹಸಿರು ಕಾಯಿ ಸೇರಿದರೆ ಕಾಫಿಯ ರುಚಿ ಕೆಡುತ್ತದೆ. ಎಳೆದಾಡಿದ ರೆಂಬೆ ಮುರಿದರೆ ಬರುವ ವರ್ಷದ ಫಸಲಿಗೂ ಪೆಟ್ಟು. ಪ್ರತಿ ಗಿಡದ ಹತ್ತಿರ ರೈಟರ್ (ತೋಟದ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ) ನಿಲ್ಲಲು ಆಗುತ್ತದೆಯೇ?

ಬೋರರ್, ಅಂದರೆ ಕಾಂಡ ಕೊರೆಯುವ ಕೀಟದ ವಿಷಯ ಇನ್ನೂ ಸೂಕ್ಷ್ಮ. ಬಿಳಿ ಕಾಂಡಕೊರಕದ ಹುಳು ಅರೇಬಿಕಾ ಕಾಂಡದ ಒಳಗೇ ಕೊರೆಯುತ್ತದೆ. ಹೊರಗೆ ಕಾಣುವುದು ಇಷ್ಟೇ: ಎಲೆ ಹಳದಿ ತಿರುಗುತ್ತದೆ, ಕಾಂಡದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಹುಳು ದುಂಬಿಯಾಗಿ ಹೊರಬರುವ ಮೊದಲೇ ಆ ಗಿಡ ಕಿತ್ತು ಸುಡಬೇಕು. ಚಿಗುರು ತೆಗೆಯಲು ಹೋದ ಹೆಂಗಸು ಸಂಜೆ ಬಂದು “ರೈಟ್ರೇ, ತೋಡಿನ ಪಕ್ಕದ ನಾಲ್ಕು ಗಿಡ ಯಾಕೋ ಸರಿಯಿಲ್ಲ, ಒಂಚೂರು ನೋಡಿ” ಅಂದರೆ ಸುತ್ತಲಿನ ಗಿಡಗಳು ಉಳಿಯುತ್ತವೆ. ಹಾಗೆ ಹೇಳುವುದು ಅವಳ ಕೂಲಿಯ ಲೆಕ್ಕದಲ್ಲಿಲ್ಲ. ಹೋದ ಸಲ ಹೇಳಿದಾಗ “ನಿನ್ನ ಕೆಲಸ ನೀನು ನೋಡ್ಕೋ” ಅನ್ನಿಸಿಕೊಂಡಿದ್ದರೆ ಈ ಸಲ ಸುಮ್ನೆ ಮನೆಗೆ ಹೋಗುತ್ತಾಳೆ.

1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಇದಕ್ಕೆ ಹತ್ತಿರದ ಮಾತೊಂದನ್ನು ಹೇಳಿದರು. ಸಂಬಳ, ಸೌಕರ್ಯ ಕಡಿಮೆಯಾದರೆ ಅಸಮಾಧಾನ ಹುಟ್ಟುತ್ತದೆ. ಆದರೆ ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಬರುವುದಿಲ್ಲ. ಅದು ಬರುವುದು ಮೆಚ್ಚುಗೆ, ಜವಾಬ್ದಾರಿ, ಬೆಳೆಯುವ ಅವಕಾಶಗಳಿಂದ. ಹಣದ ಲೆಕ್ಕವೂ ಸಿಕ್ಕಿದೆ. ಅಮೆರಿಕದಲ್ಲಿ ‘ಕೆಲಸಕ್ಕೆ ಅತ್ಯುತ್ತಮ’ ಎಂದು ಹೆಸರಾದ 100 ಕಂಪನಿಗಳ ಪಟ್ಟಿಯನ್ನು ಹಿಡಿದು ಹಣಕಾಸು ಪ್ರಾಧ್ಯಾಪಕ ಅಲೆಕ್ಸ್ ಎಡ್ಮನ್ಸ್ 2011ರಲ್ಲಿ ಅಧ್ಯಯನ ಪ್ರಕಟಿಸಿದರು. 1984ರಿಂದ 2009ರವರೆಗೆ ಆ ಕಂಪನಿಗಳ ಷೇರುಗಳು, ರಿಸ್ಕ್ ಲೆಕ್ಕ ಹಾಕಿದ ಮೇಲೂ, ನಿರೀಕ್ಷಿತ ಗಳಿಕೆಗಿಂತ ವರ್ಷಕ್ಕೆ ಸುಮಾರು ಶೇ 3.5ರಷ್ಟು ಜಾಸ್ತಿ ಗಳಿಸಿದ್ದವು. ಲಾಭ ಬಂದಿದ್ದಕ್ಕೇ ನೌಕರರು ಖುಷಿಯಾಗಿದ್ದಿರಬಹುದಲ್ವಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಪಟ್ಟಿ ಬಂದ ನಂತರದ ಗಳಿಕೆಯನ್ನು ಎಡ್ಮನ್ಸ್ ಅಳೆದದ್ದು ಇದಕ್ಕೇ.

ನಮ್ಮ ಕಡೆ ಇನ್ನೊಂದು ಗೊಂದಲವಿದೆ. ಮುಂಗಡ ಕೊಟ್ಟರೆ ಆಳು ನಿಲ್ಲುತ್ತಾರೆ ಎಂಬ ನಂಬಿಕೆ. ನಿಲ್ಲುತ್ತಾರೆ, ಸಾಲ ತೀರುವವರೆಗೆ. “ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ” ಎಂಬ ಮಾತೂ ಅಷ್ಟೇ. ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಸೋರುತ್ತಿದ್ದರೆ ಆ ಮಾತು ಕೇಳಿ ಯಾರೂ ಕರಗುವುದಿಲ್ಲ. ವಾಸಕ್ಕೆ ಮನೆ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ ಇವನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ಮಾಲೀಕರ ಹೊಣೆ ಎಂದಿತ್ತು. ಅವನ್ನು ಉಪಕಾರ ಎಂದು ಲೆಕ್ಕ ಹಿಡಿಯುವ ಸಾಹುಕಾರರು ಈಗಲೂ ಇದ್ದಾರೆ. ಕೊಡಬೇಕಾದ್ದನ್ನು ಕೊಡದೆ ಆತ್ಮೀಯತೆಯ ಮಾತಾಡುವುದು ನನ್ನ ಪ್ರಕಾರ ಏನನ್ನೂ ಆಡದೆ ಇರುವುದಕ್ಕಿಂತ ಕೆಟ್ಟದ್ದು.

ತೋಟವಾಗಲಿ, ಹಾಸನದ ಗಾರ್ಮೆಂಟ್ಸ್ ಆಗಲಿ, ಇದನ್ನು ಅಳೆಯಲು ದೊಡ್ಡ ಸರ್ವೆ ಬೇಕಿಲ್ಲ. ಕಳೆದ ವರ್ಷ ಬಂದವರಲ್ಲಿ ಎಷ್ಟು ಜನ, ಸಾಲದ ಹಂಗಿಲ್ಲದೆ, ಈ ವರ್ಷವೂ ಬಂದರು? ಮೆಷಿನ್ ಸದ್ದು ಬದಲಾದರೆ ಅದು ಕೆಟ್ಟು ನಿಲ್ಲುವ ಮೊದಲೇ ಯಾರಾದರೂ ಬಂದು ಹೇಳುತ್ತಾರಾ? ಹೊಸಬರನ್ನು ಕರೆತರುವವರು ಏಜೆಂಟರಾ, ಇಲ್ಲೇ ಕೆಲಸ ಮಾಡುವವರಾ?